ಸಾಸಿವೆ ಆರಿಸುತ್ತಿದ್ದ ದೊಡ್ಡಪ್ಪ

ನಮ್ಮ ದೊಡ್ಡಪ್ಪನಿಗೆ ಮನುಷ್ಯರಿಗಿಂತ ಹುಳುಗಳ ಬುದ್ಧಿಯ ಮೇಲೇ ಹೆಚ್ಚು ನಂಬಿಕೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನಮ್ಮ ದೊಡ್ಡಮ್ಮ ಜೀವಮಾನವೆಲ್ಲ ನಕ್ಕಿದ್ದಾಳೆ! ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಆಗ ಮನುಷ್ಯರಿಗೆಂದು ಇದ್ದದ್ದು ಅಡುಗೆಮನೆ, ಒಂದು ಒಳಕೋಣೆ, ಮುಂದಿನ ಜಗುಲಿ. ಉಳಿದದ್ದೆಲ್ಲ ರೇಷ್ಮೆಹುಳುಗಳ ಸಾಮ್ರಾಜ್ಯ. ಹುಳುವಿನ ತಟ್ಟೆಗಳ ಮುಂದೆ ದೊಡ್ಡಪ್ಪ ಬಗ್ಗಿ ನಿಂತು ಯೋಗಕ್ಷೇಮ ವಿಚಾರಿಸುತ್ತಿದ್ದರು. ದೊಡ್ಡಮ್ಮ ಎರಡು ಸಲ ಕೆಮ್ಮಿದರೆ ಸಾಕು, "ಹುಳ ಬೆಚ್ಚುತ್ತೆ ಕಣೇ, ಆಚೆ ಹೋಗಿ ಕೆಮ್ಮು!"

ಇಂಥವರ ಕೈಗೆ ನನ್ನ ಊಟದ ಡಬ್ಬಿ ಸಿಕ್ಕಿದ್ದು ಹೇಗೆ ಅಂತೀರಾ? ಅದು ಐವತ್ತರ ದಶಕದ ಕೊನೆ. ನನಗೆ ನಾಲ್ಕು ವರ್ಷ. ಅಮ್ಮ ಬಾಣಂತನಕ್ಕೆಂದು ಗೌರಿಬಿದನೂರಿನ ತವರಿಗೆ ಹೋಗಿದ್ದಳು. ಅಪ್ಪ ಅಲ್ಲಿಗೂ ಇಲ್ಲಿಗೂ ಬಸ್ಸಿನಲ್ಲಿ ಓಡಾಡುತ್ತಿದ್ದರು. ನನ್ನನ್ನು ಹೊಸದಾಗಿ ಶಿಶುವಿಹಾರಕ್ಕೆ ಸೇರಿಸಿದ್ದರು. ಅಮ್ಮನ ಕೈತುತ್ತು ಬಿಟ್ಟು ಬೇರೇನೂ ತಿನ್ನದ ಹುಡುಗಿ ನಾನು. ನನ್ನ ಕಾನೂನುಗಳು ಒಂದೆರಡಲ್ಲ! ಅನ್ನಕ್ಕೆ ಪಲ್ಯ ತಾಗಬಾರದು. ಕರಿಬೇವು ಕಂಡರೆ ಡಬ್ಬಿ ಮುಚ್ಚಿಡುವುದು. ಸಾಸಿವೆಯಂತೂ ಸಾಸಿವೆಯೇ ಅಲ್ಲ, ಸತ್ತ ಇರುವೆ. ದೊಡ್ಡಮ್ಮ ಉಪ್ಪಿಟ್ಟು, ದೋಸೆ, ಮೊಸರನ್ನ ಎಲ್ಲ ಮಾಡಿ ನೋಡಿದಳು. ಡಬ್ಬಿ ಹೋದ ಹಾಗೇ ವಾಪಸ್ಸು ಬರುತ್ತಿತ್ತು. ಒಂದು ದಿನ ಮಧ್ಯಾಹ್ನ ನಾನು ಆಟದ ಬಯಲಿನಲ್ಲಿ ತಲೆ ಸುತ್ತಿ ಕೂತುಬಿಟ್ಟೆನಂತೆ. ಟೀಚರಮ್ಮ ಮನೆಗೇ ಕರೆತಂದು ಬಿಟ್ಟು, "ಹೀಗಾದ್ರೆ ಮಗು ಉಳಿಯೋದು ಕಷ್ಟ" ಎಂದು ಬೈದು ಹೋದರು.

ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನನ್ನ ಕೈಲಿ ಆಗಲ್ಲಪ್ಪ" ಎಂದಳು.

ದೊಡ್ಡಪ್ಪ ಎದ್ದರು. "ಲಕ್ಷ ಹುಳಕ್ಕೆ ಸೊಪ್ಪು ಹಾಕೋನಿಗೆ ಒಂದು ಕೂಸಿಗೆ ಅನ್ನ ಹಾಕಕ್ಕೆ ಬರಲ್ವೇನೇ?"

ಅಲ್ಲಿಗೆ ನನ್ನ ಗ್ರಹಚಾರ ಶುರುವಾಯಿತು.

ಮರಿಹುಳುಗಳಿಗೆ ಹಿಪ್ಪುನೇರಳೆ ಸೊಪ್ಪನ್ನು ಎಳೆ ಎಳೆಯಾಗಿ ಹೆಚ್ಚಿ ಹಾಕಬೇಕು. ಇದು ದೊಡ್ಡಪ್ಪನ ಮೊದಲ ಪಾಠ. ನನಗೂ ಅದೇ! ದೋಸೆಯನ್ನು ಹೆಚ್ಚಿದರು, ಬಾಳೆಹಣ್ಣನ್ನು ಹೆಚ್ಚಿದರು, ಕೊನೆಗೆ ರಾಗಿಮುದ್ದೆಯನ್ನೂ ಹೆಚ್ಚಲು ಹೋಗಿ ಕತ್ತಿ ಅಂಟಿಕೊಂಡಿತು. ಶಿಶುವಿಹಾರದಲ್ಲಿ ಟೀಚರಮ್ಮ ಡಬ್ಬಿ ತೆಗೆದು ಬಹಳ ಹೊತ್ತು ನೋಡಿ, "ಇದು ತಿನ್ನೋದೋ, ಗಿಡಕ್ಕೆ ಹಾಕೋದೋ?" ಎಂದು ಕೇಳಿದರು. ಪಾಪ, ನನಗೇನು ಗೊತ್ತು? ಗಿಡಕ್ಕೆ ಹಾಕಿ ಬಂದೆ.

ಮರುದಿನ ಚಿತ್ರಾನ್ನ. ದೊಡ್ಡಪ್ಪ ಬೆಳಗ್ಗೆಯೇ ಜಗುಲಿಯ ಮೇಲೆ ಕನ್ನಡಕ ಏರಿಸಿ, ತಟ್ಟೆಯಲ್ಲಿ ಚಿತ್ರಾನ್ನ ಹರಡಿಕೊಂಡು, ಒಂದೊಂದೇ ಸಾಸಿವೆ ಆರಿಸಿ ತೆಗೆಯುತ್ತ ಕೂತರು. ರೇಷ್ಮೆಗೂಡು ಮಾರಲು ಮಾರುಕಟ್ಟೆಗೆ ಹೊರಟಿದ್ದ ಪಕ್ಕದ ಬೀದಿಯ ಸಾಹೇಬರು ಸೈಕಲ್ಲು ನಿಲ್ಲಿಸಿದರು.

"ಏನ್ ಗೌಡ್ರೆ, ಮುತ್ತು ಆರಿಸ್ತಿದೀರಾ?"

"ಇಲ್ಲ ಸಾಹೇಬ್ರೆ, ಇರುವೆ."

ಸಾಹೇಬರು ಸೈಕಲ್ಲು ತುಳಿದರು. ದೊಡ್ಡಮ್ಮ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು, "ಅಲ್ರೀ, ಒಗ್ಗರಣೇಲಿ ಸಾಸಿವೆ ಹಾಕದೇ ಇದ್ರೆ ಆಗ್ತಿರ್ಲಿಲ್ವಾ?" ಎಂದಳು. ದೊಡ್ಡಪ್ಪನ ಕೈ ಗಾಳಿಯಲ್ಲೇ ನಿಂತಿತು. ಅವರಿಗೆ ಅದು ಹೊಳೆದೇ ಇರಲಿಲ್ಲ! ಆದರೆ ಸೋಲೊಪ್ಪುವ ಜನವೇ ಅದು? "ಹಾಕಿ ತೆಗೆದ್ರೇನೇ ಘಮ ನಿಲ್ಲೋದು. ನಿಂಗೆ ಗೊತ್ತಾಗಲ್ಲ ಹೋಗು" ಎಂದರು. ಅಂದಿನಿಂದ ದಿನಾ ಹಾಕಿ, ದಿನಾ ತೆಗೆದರು. ನಾನು ನಾಲ್ಕು ತುತ್ತು ತಿಂದೆ. ಅವರಿಗೆ ಅದೇ ದೊಡ್ಡ ಗೆಲುವು.

ಆಮೇಲೆ ಇನ್ನೊಂದು ಜ್ಞಾನೋದಯವಾಯಿತು. ಹುಳು ಗುಂಪಿನಲ್ಲಿದ್ದರೆ ಮಳೆ ಬಂದಂತೆ ಸದ್ದು ಮಾಡುತ್ತ ತಿನ್ನುತ್ತದೆ, ಒಂಟಿ ಹುಳು ಮಂಕಾಗಿರುತ್ತದೆ. ಸರಿ, ಒಂದು ಬುಟ್ಟಿ ತುಂಬ ಅಂಗೈಯಗಲದ ರಾಗಿರೊಟ್ಟಿ ತಟ್ಟಿಸಿಕೊಂಡು, ಊಟದ ಹೊತ್ತಿಗೆ ಶಿಶುವಿಹಾರಕ್ಕೇ ಬಂದರು! ಮೀಸೆ, ಪೇಟದ ಸಮೇತ ಮಕ್ಕಳ ಸಾಲಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ಎಲ್ಲರಿಗೂ ರೊಟ್ಟಿ ಹಂಚಿದರು. ನನಗೊಬ್ಬಳಿಗೆ ಕೊಡಲಿಲ್ಲ. ನನ್ನ ಡಬ್ಬಿಯನ್ನು ತಾವೇ ತೆರೆದು, ನನ್ನ ಕಣ್ಣೆದುರೇ ಚಪ್ಪರಿಸಿ ತಿನ್ನತೊಡಗಿದರು.

"ದೊಡ್ಡಪ್ಪ, ಅದು ನಂದು!"

"ನೀನು ತಿನ್ನಲ್ವಲ್ಲಮ್ಮ?"

"ತಿಂತೀನಿ! ಕೊಡು!"

ಕಿತ್ತುಕೊಂಡೆ. ಡಬ್ಬಿಯ ತಳ ನೆಕ್ಕುವವರೆಗೂ ಬಿಡಲಿಲ್ಲ. ಸಂತೋಷ ಹೆಚ್ಚಾದರೆ ದೊಡ್ಡಪ್ಪನ ಬಾಯಿಗೆ ತೆಲುಗು ಬರುತ್ತಿತ್ತು. "ತಿನೇಸಿಂದಿ! ಅಂತಾ ತಿನೇಸಿಂದಿ!" ಎಲ್ಲಾ ತಿಂದುಬಿಟ್ಟಳು ಎಂದು ಅವರು ಕೂಗಿದ್ದಕ್ಕೆ ಪಕ್ಕದ ಕೋಣೆಯ ಮಕ್ಕಳೂ ಓಡಿಬಂದವು. ಟೀಚರಮ್ಮ ಕೈಮುಗಿದು, "ನಾಳೆಯಿಂದ ಬರೋದಾದ್ರೆ ನಿಮ್ಮ ಹೆಸರೂ ಬರೆಸಿಬಿಡಿ ಗೌಡ್ರೆ, ಹಾಜರಿ ಕೂಗ್ತೀನಿ" ಎಂದರು. ಆ ಸಂಜೆ ದೊಡ್ಡಪ್ಪ ಬೀದಿಯ ಮನೆಮನೆಗೂ ಹೋಗಿ ಖಾಲಿ ಡಬ್ಬಿ ತೋರಿಸಿ ಬಂದರಂತೆ. ಖಾಲಿ ಡಬ್ಬಿಯಲ್ಲಿ ಜನ ಏನು ನೋಡಿದರೋ ದೇವರೇ ಬಲ್ಲ!

ನನ್ನ ಕೆನ್ನೆ ತುಂಬಿಕೊಂಡಿತು. ಅಷ್ಟರಲ್ಲಿ ಅಮ್ಮ ಬಂದಳು.

ಒಬ್ಬಳೇ ಬಂದಳು. ಮಗು ಉಳಿದಿರಲಿಲ್ಲ. ಅದನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಮ್ಮ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ದೊಡ್ಡಮ್ಮ ತಟ್ಟೆ ಇಟ್ಟರೆ, "ಏನು ತಿಂದ್ರೂ ಮಣ್ಣು ತಿಂದಂಗಾಗುತ್ತೆ ಅಕ್ಕ" ಎಂದು ಆಚೆ ತಳ್ಳುವಳು. ದೊಡ್ಡಪ್ಪ ಅವಳಿಗೆ ಭಾವ. ತಮ್ಮನ ಹೆಂಡತಿಯ ಎದುರು ನಿಂತು ಅವರು ಒಂದು ದಿನವೂ ಮಾತಾಡಿದವರಲ್ಲ, ಅವಳೂ ತಲೆಯ ಮೇಲಿನ ಸೆರಗು ಜಾರಿಸಿ ಅವರೆದುರು ಬಂದವಳಲ್ಲ. ನಮ್ಮ ಮನೆಯ ಕ್ರಮ ಹಾಗಿತ್ತು.

ಒಂದು ಭಾನುವಾರ, ಶಿಶುವಿಹಾರಕ್ಕೆ ರಜವಿದ್ದರೂ ದೊಡ್ಡಪ್ಪ ಒಲೆಯ ಮುಂದೆ ಕೂತರು. ಬೇಳೆಕಟ್ಟು ಕಲಸಿದ ಮೆತ್ತನೆಯ ಅನ್ನ, ಮೇಲೆ ತುಪ್ಪ. ಎರಡು ಡಬ್ಬಿಗೆ ತುಂಬಿ ನನ್ನ ಕೈಗೆ ಕೊಟ್ಟು, "ಒಂದು ನಿಂದು, ಒಂದು ನಿಮ್ಮಮ್ಮಂದು. ಅವಳ ಎದುರಿಗೇ ಕೂತು ತಿನ್ನಮ್ಮ" ಎಂದರು.

ಕೂತೆ, ತಿಂದೆ. ಅಮ್ಮ ಈ ಕಡೆ ತಿರುಗಿದಳು. ಯಾರ ಬಲವಂತವೂ ಇಲ್ಲದೆ ನನ್ನ ಕೈಯಾರೆ ನಾನು ಉಣ್ಣುವುದನ್ನು ಅವಳು ಕಂಡದ್ದು ಅದೇ ಮೊದಲು. ನೋಡುತ್ತ ನೋಡುತ್ತ ಎದ್ದು ಕೂತಳು. ನಾನು ಅವಳ ಡಬ್ಬಿ ತೆರೆದು ಒಂದು ತುತ್ತು ಅವಳ ಬಾಯಿಗಿಟ್ಟೆ. ಅಗಿದಳು. ಕಣ್ಣಿಂದ ನೀರು ಸುರಿಯುತ್ತಿತ್ತು. ನುಂಗಿದ ಮೇಲೆ ಮೆಲ್ಲಗೆ ಹೇಳಿದಳು: "ಭಾವನೋರಿಗೆ ಹೇಳಮ್ಮ, ಉಪ್ಪು ಒಂಚೂರು ಜಾಸ್ತಿಯಾಗಿದೆ ಅಂತ."

ಹೇಳಲು ಓಡುವ ಕೆಲಸವೇ ಇರಲಿಲ್ಲ. ದೊಡ್ಡಪ್ಪ ಬಾಗಿಲ ಈಚೆಯೇ ಗೋಡೆಗೆ ಒರಗಿ ನಿಂತಿದ್ದರು.

"ನಾನು ಆಗ್ಲೇ ಹೇಳಲಿಲ್ವಾ, ಉಪ್ಪು ಹೆಚ್ಚಾಯ್ತು ಅಂತ?" ಎಂದು ದೊಡ್ಡಮ್ಮ ಗದರಿದಳು.

"ಸುಮ್ನಿರೇ" ಎಂದರು ದೊಡ್ಡಪ್ಪ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. "ಅವಳಿಗೆ ಉಪ್ಪು ಗೊತ್ತಾಯ್ತು ಕಣೇ."

ಆಮೇಲೆ ನನ್ನ ಕಡೆ ಬಗ್ಗಿ, ಆದರೆ ಒಳಕೋಣೆಗೂ ಕೇಳುವಷ್ಟು ಗಟ್ಟಿಯಾಗಿ, "ನಾಳೆ ಕಮ್ಮಿ ಹಾಕ್ತೀನಿ ಅಂತ ಹೇಳಮ್ಮ" ಎಂದರು.