ಕಸ ಕಿತ್ತ ಸಸ್ಯಶಾಸ್ತ್ರಜ್ಞ

ಒಂದು ವಿಷಯವನ್ನು ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಆ ವಿಷಯ ಗೊತ್ತಿರಲೇಬೇಕು ಎಂದು ಜನ ನಂಬುತ್ತಾರೆ. ಆ ನಂಬಿಕೆಯ ಮೇಲೆಯೇ ನನ್ನ ಸಂಸಾರ ನಡೆದಿದೆ. ನಿಪ್ಪಾಣಿಯ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಕಪ್ಪುಹಲಗೆಯ ಮೇಲೆ ನಾನು ಬಿಡಿಸದ ಹೂವಿರಲಿಲ್ಲ; ನೆಲದ ಮೇಲಿನ ಹೂವುಗಳ ಜೊತೆ ಮಾತ್ರ ಅಷ್ಟು ಸಲಿಗೆ ಇರಲಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನಮ್ಮ ಬಡಾವಣೆಯ ನಡುವಿನ ಖಾಲಿ ಜಾಗದಲ್ಲಿ ಉದ್ಯಾನ ಮಾಡುವ ಹುರುಪು ಎಲ್ಲರಿಗೂ ಬಂತು. ಸಂಘದ ಅಧ್ಯಕ್ಷರು ತಂಬಾಕಿನ ವ್ಯಾಪಾರಿ ಅಣ್ಣಾಸಾಹೇಬರು. "ಸರ, ನೀವು ಗಿಡದ ಪ್ರೊಫೆಸರು. ಉಸ್ತುವಾರಿ ನಿಮ್ದ" ಎಂದರು. ಆ ಜಾಗದಲ್ಲಿ ಮೊಣಕಾಲೆತ್ತರ ಕಸ ಬೆಳೆದು, ಅದರ ಮೇಲೆ ಜೇನು, ಪಾತರಗಿತ್ತಿ, ಗುಬ್ಬಿಗಳ ಸಂತೆ ನೆರೆದಿರುತ್ತಿತ್ತು. ನಾನು ಆಳು ಹಚ್ಚಿ ಮೂರೇ ದಿನದಲ್ಲಿ ಎಲ್ಲವನ್ನೂ ಬೇರುಸಮೇತ ಕೀಳಿಸಿದೆ. ಹುಲ್ಲುಹಾಸು ಬಂತು, ಕವಾಯತಿಗೆ ನಿಂತ ಪೊಲೀಸರಂತೆ ಕ್ರೋಟನ್ ಗಿಡಗಳು ಬಂದವು, ಹುಳ ಬಿದ್ದೀತೆಂದು ವಾರಕ್ಕೊಮ್ಮೆ ಔಷಧಿಯೂ ಬಂತು. ನೋಡಲು ಹಸಿರೋ ಹಸಿರು. ಆದರೆ ಒಂದು ಇರುವೆ ಕೂಡ ಅಲ್ಲಿ ಊಟ ಮಾಡಿ ಹೋಗುವಂತಿರಲಿಲ್ಲ.

"ಸರ, ಮೊದಲ ಪಾತರಗಿತ್ತಿ ಭಾಳ ಇರ್ತಿದ್ವು, ಈಗ ಒಂದೂ ಕಾಣವಲ್ದಲ್ರಿ" ಎಂದು ಅಣ್ಣಾಸಾಹೇಬರು ಒಂದು ದಿನ ಚಿಂತೆಗೊಳಗಾದರು. ಸಭೆ ಸೇರಿತು. ಆವರಣದ ಗೋಡೆಯ ಮೇಲೆ ಪಾತರಗಿತ್ತಿಗಳನ್ನು ಬರೆಸುವುದೆಂದು ಠರಾವು ಆಯಿತು. ಪೇಂಟರ್ ಒಂದೊಂದಕ್ಕೂ ಎಂಟು ಕಾಲು ಬರೆದಿದ್ದ. ನಾನು ನಿಂತು ಎರಡೆರಡು ಅಳಿಸಿಸಿದೆ. ವಿಜ್ಞಾನಕ್ಕೆ ನನ್ನ ಕೊಡುಗೆ ಏನೆಂದು ಯಾರಾದರೂ ಕೇಳಿದರೆ ಆ ಗೋಡೆ ತೋರಿಸಬಹುದು.

ಫೆಬ್ರವರಿಯಲ್ಲಿ ಪ್ರಾಯೋಗಿಕ ಪರೀಕ್ಷೆ. ಬೇರೆ ಊರಿನಿಂದ ಬರಲಿದ್ದ ಪರೀಕ್ಷಕರ ಕಾಗದ ಎರಡು ದಿನ ಮೊದಲು ಕೈಸೇರಿತು: "ದಾಸವಾಳ, ಗುಲಾಬಿ ಬೇಡ. ನಿಮ್ಮ ಊರಲ್ಲಿ ತಾನಾಗಿ ಬೆಳೆಯುವ ಐದು ಗಿಡಗಳು, ಹೂವು ಕಾಯಿ ಸಮೇತ ಇರಲಿ." ಊರಿನ ಬಯಲೆಲ್ಲ ಒಣಗಿತ್ತು. ನೀರು ಕಾಣುತ್ತಿದ್ದ ಒಂದೇ ನೆಲ ನಮ್ಮ ಉದ್ಯಾನ. ಅಲ್ಲಿ ಕಸ ಹುಟ್ಟದಂತೆ ಕಾಯುತ್ತಿದ್ದವನು ನಾನೇ. ಮಾದರಿ ಸಿಗದಿದ್ದರೆ ಪರೀಕ್ಷೆ ಮುಂದೆ ಹೋಗುತ್ತದೆ, ಮಕ್ಕಳ ಎದುರು ನನ್ನ ಮರ್ಯಾದೆಯೂ ಹೋಗುತ್ತದೆ.

ಮರುದಿನ ಬೆಳಿಗ್ಗೆ ಕ್ರೋಟನ್ ಬುಡದಲ್ಲಿ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಗೇಟಿನ ಹೊರಗೆ ತಪ್ಪಲುಪಲ್ಯದ, ಅಂದರೆ ಸೊಪ್ಪಿನ, ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೌಸಾಬಾಯಿ ಕೂಗಿದಳು. ಬೇಡಕಿಹಾಳದಿಂದ ದಿನಾ ಬಸ್ಸಿಗೆ ಬರುವವಳು.

"ಏನ ಹುಡುಕ್ತೀರಿ ಸರ? ಕೀಲಿ ಬಿದ್ದೈತೇನ್ರಿ?"

"ಇಲ್ಲ ಹೌಸಾಬಾಯಿ. ತುಂಬೆ, ಉತ್ತರಾಣಿ, ನೆಲನೆಲ್ಲಿ, ಅಂಥಾವು ಬೇಕಾಗ್ಯಾವ."

"ಅಯ್ಯ, ಇಲ್ಲೇ ರಗಡ ಇದ್ವಲ್ರಿ! ಯಾವ ಶಾಣ್ಯಾ ಕಿತ್ತಿಸಿದನೋ!"

"ಸಂಘದವರು" ಎಂದೆ.

ಐದು ಗಿಡ ತಂದುಕೊಡಲು ಅವಳನ್ನೇ ಕೇಳಿಕೊಂಡೆ. ಪರೀಕ್ಷೆಯ ದಿನ ಅವಳು ಕಬ್ಬಿನ ಗದ್ದೆಯ ಕಾಲುವೆ ದಂಡೆಯಿಂದ ಐದಲ್ಲ, ಒಂಬತ್ತು ಗಿಡ ತಂದಳು, ಒದ್ದೆ ಗೋಣಿಯಲ್ಲಿ ಸುತ್ತಿ. ನಾನು ಗಂಭೀರವಾಗಿ ಒಂದನ್ನು ಎತ್ತಿ "ಇದು ನೆಲನೆಲ್ಲಿ" ಎಂದೆ. "ಅದಲ್ರಿ ಸರ. ಇದನ್ನ ನೋಡ್ರಿ, ಎಲಿ ತಳಗ ಸಾಲಾಗಿ ಕಾಯಿ ಅದಾವಲ್ಲ, ಇದು" ಎಂದು ಬೇರೊಂದನ್ನು ಮಗುಚಿ ತೋರಿಸಿದಳು. ಆ ಕಾಯಿಗಳನ್ನು ನಾನು ವರ್ಷವರ್ಷವೂ ಹಲಗೆಯ ಮೇಲೆ ಬರೆದಿದ್ದೆ.

ಪರೀಕ್ಷಕರು ಮಾದರಿಗಳನ್ನು ನೋಡಿ ಹಿಗ್ಗಿದರು. "ಇಷ್ಟು ತಾಜಾ ಎಲ್ಲೂ ಸಿಕ್ಕಿರಲಿಲ್ಲ. ನೀವು ಬಹಳ ತಿರುಗಾಡಿದ್ದೀರಿ" ಎಂದರು. ಹೌಸಾಬಾಯಿಯ ಹೆಸರು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಚಹಾ ಬಂತು. ಎರಡನ್ನೂ ಒಟ್ಟಿಗೆ ನುಂಗಿದೆ.

ಆ ಮಳೆಗಾಲ ಸಂಘದವರಿಗೆ ಭಾಷಣ ಮಾಡಿ, ಉದ್ಯಾನದ ಒಂದು ಮೂಲೆಯನ್ನು ಕಾಡುಗಿಡಗಳಿಗೆ ಬಿಡಿಸಿದೆ. ಔಷಧಿ ನಿಂತಿತು, ತುಂಬೆ ಹೂ ಬಿಟ್ಟಿತು. ಗೊತ್ತಿಲ್ಲದವರು ಕಸವೆಂದು ಕಿತ್ತಾರೆಂದು ತಂತಿ ಬಿಗಿಸಿ ಬೋರ್ಡು ಹಾಕಿಸಿದೆ. ಒಂದು ದಿನ ಹೌಸಾಬಾಯಿ ಪಲ್ಯದ ಸೊಪ್ಪು ಕೊಯ್ಯಲು ಕುಡುಗೋಲು, ಬುಟ್ಟಿ ಹಿಡಿದು ಬಂದವಳು ಅದರ ಮುಂದೆ ನಿಂತಳು.

"ಏನ ಬರದಾರ್ರಿ ಸರ? ನನಗ ಓದಾಕ ಬರಾಂಗಿಲ್ಲ."

ಓದಿ ಹೇಳಿದೆ: "ಸಸ್ಯಗಳ ಪರಿಚಯವಿಲ್ಲದವರಿಗೆ ಪ್ರವೇಶವಿಲ್ಲ."

"ಹಂಗಾದ್ರ ನೀವು ಇಲ್ಲೇ ನಿಲ್ರಿ ಸರ. ಈ ಬುಟ್ಟಿ ಹಿಡೀರಿ, ನಾ ಹೋಗಿ ಬರ್ತೇನಿ" ಎಂದು ತಂತಿ ಎತ್ತಿ ಒಳಗೆ ನುಸುಳಿದಳು.

ನಾನು ಬುಟ್ಟಿ ಹಿಡಿದು ಹೊರಗೆ ನಿಂತೆ.