ಒಂದೇ ಏಟಿನ ಕಛೇರಿ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ನನ್ನ ವಿಷಯದಲ್ಲಿ ಈ ಗಾದೆ ಅರ್ಧ ಮಾತ್ರ ನಿಜ. ಚಿಂತೆಗಳು ನನಗೂ ಇವೆ. ಮಂಡಿನೋವಿದೆ, ಮಾಳಿಗೆಯ ಮೇಲೆ ಸೋರುವ ನೀರಿನ ಟ್ಯಾಂಕಿದೆ, ನಾನು ಹೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳುವ ಹೆಂಡತಿಯಿದ್ದಾಳೆ. ಆದರೂ ಸಂತೆಯೊಂದು ಸಿಕ್ಕಿಬಿಟ್ಟರೆ ಸಾಕು, ನಿದ್ದೆ ತಾನಾಗಿ ಬರುತ್ತದೆ. ನನಗೆ ಕಷ್ಟವಾಗುವುದು ಸಂತೆಯಿಲ್ಲದ ಕಡೆ. ನಿಶ್ಶಬ್ದವಿದ್ದರೆ ರೆಪ್ಪೆಗೆ ರೆಪ್ಪೆ ಕೂಡುವುದಿಲ್ಲ. ಸದ್ದು ಶುರುವಾಗಿ, ಅದು ಒಂದೇ ಲಯದಲ್ಲಿ ನಡೆಯಿತೋ, ನಾನು ಹೋದೆ. ಮದುವೆ ಮನೆಯ ನಾಗಸ್ವರ, ಬಸ್ಸಿನ ಎಂಜಿನ್, ನೆಂಟರ ಮಾತು, ಯಾವುದಾದರೂ ಆದೀತು. ಸಂಗೀತ ಕೇಳಿ ತಲೆದೂಗುವವರನ್ನು ಲೋಕ ರಸಿಕರು ಎನ್ನುತ್ತದೆ. ನಾನೂ ತಲೆದೂಗುತ್ತೇನೆ, ಆದರೆ ಅದು ಎದೆಯ ಮೇಲೆ ಬಂದು ನಿಲ್ಲುತ್ತದೆ.

ತಪ್ಪು ನನ್ನದಲ್ಲ, ನಾನು ಹುಟ್ಟಿದ ಮನೆಯದು. ತಮಿಳುನಾಡಿನ ಉಡುಮಲೈಪೇಟೆಗೆ ಹೋಗುವ ದಾರಿಯಲ್ಲಿ ನಮ್ಮ ಕನ್ನಡ ನೇಕಾರರ ಬೀದಿ. ಪಡಸಾಲೆಯಲ್ಲಿ ಮೂರು ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥವು. ಅಪ್ಪನದೊಂದು, ಚಿಕ್ಕಪ್ಪನದೊಂದು, ಅವ್ವನದೊಂದು. ನನ್ನ ತೊಟ್ಟಿಲು ಅವ್ವನ ಮಗ್ಗದ ಪಕ್ಕದ ತೊಲೆಗೆ ತೂಗುತ್ತಿತ್ತಂತೆ. ಜೋಗುಳ ಹಾಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಲಾಳಿಯೇ ಹಾಡಿತು. ನೇಕಾರರ ಮನೆಯ ಮಗು ಮಗ್ಗದ ಸದ್ದಿಗೆ ಮಲಗುತ್ತದೆ, ಸದ್ದು ನಿಂತರೆ ಏಳುತ್ತದೆ. ಮಗು ಮಾತ್ರವಲ್ಲ, ದೊಡ್ಡವರೂ ಹಾಗೆಯೇ. ನಮ್ಮಜ್ಜಿಗೆ ಬೆನ್ನ ಹಿಂದೆ ಬೆಕ್ಕು ಹಾಲಿನ ಪಾತ್ರೆ ಉರುಳಿಸಿದರೂ ಕೇಳುತ್ತಿರಲಿಲ್ಲ. ಆದರೆ ಮೂರರಲ್ಲಿ ಒಂದು ಮಗ್ಗ ಸುಮ್ಮನಾದರೆ ಸೌಟು ಹಿಡಿದೇ ಬಾಗಿಲಿಗೆ ಬಂದು, "ಯಾರ ಮಗ್ಗ ನಿಂತದು?" ಎಂದು ಕೂಗುತ್ತಿದ್ದಳು. ಅದಕ್ಕೆ ಉತ್ತರ ಕೊಡಲೇಬೇಕು. ನೂಲು ಹರಿಯಿತು, ಲಾಳಿಯೊಳಗಿನ ನೂಲಿನ ಕಂಡಿಕೆ ಮುಗಿಯಿತು, ಕಾಲು ಜೋಮು ಹಿಡಿಯಿತು, ಏನೋ ಒಂದು. ಉತ್ತರ ಬರುವವರೆಗೆ ಒಲೆಯ ಮೇಲೆ ಸಾರು ಉಕ್ಕಿದರೂ ಅಜ್ಜಿ ಒಳಗೆ ಹೋಗುತ್ತಿರಲಿಲ್ಲ. ಕ್ರಮೇಣ ಆ ಮಾತು ಮನೆಮಂದಿಗೆಲ್ಲ ಅಂಟಿಕೊಂಡಿತು. ಮಧ್ಯಾಹ್ನ ಮಲಗಿದವರು ಕಣ್ಣು ಬಿಡುವ ಮೊದಲೇ ಬಾಯಿ ಬಿಟ್ಟು ಕೇಳುತ್ತಿದ್ದದ್ದು ಅದನ್ನೇ.

ಆಮೇಲೆ ನಾನು ಪೆರಿಯನಾಯಕನಪಾಳ್ಯದ ಒಂದು ಮಿಲ್ಲಿನಲ್ಲಿ ಫಿಟ್ಟರ್ ಆದೆ. ನಿವೃತ್ತನಾಗುವವರೆಗೂ ಅಲ್ಲೇ ಇದ್ದೆ. ಅಲ್ಲಿ ಮೂರಲ್ಲ, ನೂರಾರು ಮಗ್ಗ. ಅಷ್ಟು ದೊಡ್ಡ ಜೋಗುಳ ಯಾವ ರಾಜಕುಮಾರನಿಗೂ ಸಿಕ್ಕಿರಲಾರದು. ಊಟದ ಬಿಡುವಿನಲ್ಲಿ ಹತ್ತಿ ಮೂಟೆಗೆ ಒರಗಿ ಕಣ್ಣು ಮುಚ್ಚುತ್ತಿದ್ದೆ, ಯಾವುದೋ ಮೂಲೆಯ ಒಂದು ಯಂತ್ರ ನಿಂತರೆ ಎದ್ದು ನಿಲ್ಲುತ್ತಿದ್ದೆ. ಇದನ್ನು ನೋಡಿ ಮೇಲಿನವರು ನನ್ನನ್ನು ಬಹಳ ಕರ್ತವ್ಯನಿಷ್ಠ ಎಂದುಕೊಂಡಿದ್ದರು. ನಾನು ತಿದ್ದಲು ಹೋಗಲಿಲ್ಲ. ಆ ಗದ್ದಲದಲ್ಲಿ ಮಾತಾಡಿ ಮಾತಾಡಿ ನನ್ನ ದನಿ ಮಾತ್ರ ದೊಡ್ಡದಾಯಿತು. ಈಗಲೂ ನಾನು ಗುಟ್ಟು ಹೇಳಿದರೆ ಎದುರು ಮನೆಯವರು ಹೌದುಹೌದು ಎನ್ನುತ್ತಾರೆ.

ಇಷ್ಟೆಲ್ಲ ಧೈರ್ಯವಾಗಿ ಬರೆಯುತ್ತಿದ್ದೇನಲ್ಲ, ಅದಕ್ಕೊಂದು ಕಾರಣವಿದೆ. ನಮ್ಮ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ನೂಲು ಕಳಿಸುತ್ತಿದ್ದ ಕರ್ನಾಟಕದ ವ್ಯಾಪಾರಿಗಳ ಕಾಗದ ಓದಲೆಂದು ಅಪ್ಪ ನನಗೊಬ್ಬನಿಗೆ ಅಕ್ಷರ ಕಲಿಸಿದ್ದ. ನನ್ನ ಹೆಂಡತಿ ಪಾರ್ವತಿಗೆ, ಮಗಳು ಅಂಬಿಕಾಗೆ ಕನ್ನಡ ಲಿಪಿ ಎಂದರೆ ಜಿಲೇಬಿಯ ಸಾಲು. ನಮ್ಮ ಮಾತಿಗೂ ಕೊಯಮತ್ತೂರಿನ ಮರ್ಯಾದೆಯ ಬಾಲವೊಂದು ಬೆಳೆದುಬಿಟ್ಟಿದೆ. ಯಾಕೆ ಎನ್ನುವುದಿಲ್ಲ, 'ಯಾಕುಂಗ' ಎನ್ನುತ್ತೇವೆ. ಬೈಯುವಾಗಲೂ ಆ ಬಾಲ ಬಿಡುವುದಿಲ್ಲವಾದ್ದರಿಂದ ಪಾರ್ವತಿಯ ಬೈಗುಳ ಬಹಳ ಗೌರವಯುತವಾಗಿರುತ್ತದೆ.

ಅಂಬಿಕಾ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಚಿಕ್ಕಂದಿನಲ್ಲಿ ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಹೊಡೆಯುತ್ತಿದ್ದಳು. ಆ ಗೀಳು ಹೋಗಲಿಲ್ಲ. ಮಕ್ಕಳಿಗೆ ಭಿನ್ನರಾಶಿ ಕಲಿಸಿ ಬಂದು, ಸಂಜೆ ಊಟದ ಮೇಜಿನ ಮೇಲೆ ಎರಡು ಕಡ್ಡಿ ಹಿಡಿದು ಅಭ್ಯಾಸ ಮಾಡುವಳು. ಅವಳ ಅಭ್ಯಾಸಕ್ಕೆ ನಾನು ಎಷ್ಟು ಸೊಗಸಾಗಿ ಮಲಗಿದ್ದೇನೆಂದರೆ, ಅದನ್ನು ಹೊಗಳಿಕೆಯೆಂದು ಅವಳು ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಅವಳ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಬಾರಿಸುತ್ತಿದ್ದುದನ್ನು ಯಾರೋ ಫೋನಿನಲ್ಲಿ ಹಿಡಿದಿದ್ದರು. ಅದರಲ್ಲಿ ಡ್ರಮ್ಮಿನ ಜೊತೆಗೆ ಇನ್ನೊಂದು ಸದ್ದೂ ಇತ್ತು. ಯಾವ ವಾದ್ಯವಪ್ಪಾ ಇದು ಎಂದು ನಾನೇ ಕೇಳಿದೆ. ಅವಳು ನನ್ನ ಮೂಗನ್ನೊಮ್ಮೆ ನೋಡಿ ಎದ್ದುಹೋದಳು. ಆಮೇಲೆ ಮೇಜಿನ ಮೇಲಿನ ಅಭ್ಯಾಸ ಅವಳ ಕೋಣೆಗೆ ಹೋಯಿತು, ಬಾಗಿಲೂ ಮುಚ್ಚಿಕೊಂಡಿತು. ನನಗೆ ಆಗ ನಿಜವಾಗಿ ನೋವಾಯಿತು. ಕೇಳುವ ಕಿವಿಯೊಂದು ಮನೆಯಲ್ಲೇ ಇಲ್ಲದಿದ್ದರೆ ಯಾವ ಮಗಳಿಗೆ ತಾನೇ ಬೇಸರವಾಗುವುದಿಲ್ಲ?

ಹೀಗಿರುವಾಗ ನಗರದಲ್ಲಿ ಸಂಗೀತೋತ್ಸವವೊಂದು ಬಂತು. ಅದಕ್ಕಾಗಿಯೇ ಒಂದು ಆರ್ಕೆಸ್ಟ್ರಾ ಕಟ್ಟುತ್ತಿದ್ದರು. ಸ್ವಲ್ಪ ಜನ ರಷ್ಯಾದವರು, ಸ್ವಲ್ಪ ಜನ ಚೆನ್ನೈಯವರು, ಮಿಕ್ಕ ಜಾಗಕ್ಕೆ ಸ್ಥಳೀಯರು. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಊರಹಬ್ಬಕ್ಕೆ ಬಂದು ಸಿನಿಮಾ ಹಾಡು ಹೇಳುವ ತಂಡ. ಪಾರ್ವತಿ ಯಾವ್ಯಾವ ಹಾಡು ಹೇಳುತ್ತಾರೆಂದು ವಿಚಾರಿಸಿದಳು. ಹಾಡೇ ಇಲ್ಲ, ನಾಲ್ಕು ಭಾಗದ ಒಂದೇ ಕೃತಿ, ಮುಕ್ಕಾಲು ಗಂಟೆ, ರಷ್ಯಾದವರೊಬ್ಬರು ಹಿಂದಿನ ಕಾಲದಲ್ಲಿ ಬರೆದದ್ದು ಎಂದು ತಿಳಿದಾಗ ಅವಳು ನನ್ನನ್ನು ನೋಡಿದಳು. ಆ ನೋಟದ ಅರ್ಥ ನನಗೆ ಗೊತ್ತಾಯಿತು. ನಲವತ್ತೈದು ನಿಮಿಷದ ಹಾಸಿಗೆ ಎಂದು.

ಅಂಬಿಕಾಗೆ ಸಿಕ್ಕಿದ್ದು ಜಾಗಟೆ. ಆಳೆತ್ತರದ ಚೌಕಟ್ಟಿಗೆ ತೂಗುಬಿಟ್ಟ ದೊಡ್ಡ ಕಂಚಿನ ತಟ್ಟೆ. ಇಡೀ ಕೃತಿಯಲ್ಲಿ ಅದಕ್ಕೆ ಒಂದೇ ಒಂದು ಏಟು, ಅದೂ ನಾಲ್ಕನೆಯ ಭಾಗ ಅರ್ಧ ದಾಟಿದ ಮೇಲೆ. ಅಲ್ಲಿಯವರೆಗೆ ಸುಮ್ಮನೆ ಲೆಕ್ಕ ಹಾಕುತ್ತ ನಿಲ್ಲಬೇಕು. ಲೆಕ್ಕ ತಪ್ಪದವರು ಬೇಕು ಎಂದು ಹುಡುಕಿ ಗಣಿತದ ಟೀಚರನ್ನು ಹಿಡಿದಿದ್ದರು. ಪಾರ್ವತಿಗೆ ಇದು ಒಪ್ಪಿಗೆಯಾಗಲಿಲ್ಲ. ಜಾಗಟೆ ಬಾರಿಸುವುದು ಗುಡಿಯಲ್ಲಿ, ಇಲ್ಲವೇ ಹೆಣದ ಮುಂದೆ. ಇಷ್ಟು ಓದಿದ ಹುಡುಗಿ ಎರಡೂ ಅಲ್ಲದ ಕಡೆ ಯಾಕೆ ಬಾರಿಸಬೇಕು ಎಂಬುದು ಅವಳ ವಾದ. ನಾನು ಮಗಳ ಪಕ್ಷ ವಹಿಸಿದೆ. ಮೂರು ವಾರ ಅವಳು ಶಾಲೆ ಮುಗಿಸಿ ಆ ಒಂದು ಏಟನ್ನು ಅಭ್ಯಾಸ ಮಾಡಲು ಹೋದಳು. ಒಂದು ಏಟಿಗೆ ಮೂರು ವಾರವೇ ಎಂದು ತಮಾಷೆ ಮಾಡಿದ್ದಕ್ಕೆ ಅವಳು ನಗಲಿಲ್ಲ.

ಹಿಂದಿನ ದಿನ ನನ್ನ ಪಕ್ಕ ಬಂದು ಕೂತಳು.

"ಅಪ್ಪಾ, ನನಗೆ ಒಂದೇ ಏಟು. ಅದೊಂದು ಕೇಳು, ಸಾಕು. ಮಿಕ್ಕಿದ್ದಕ್ಕೆಲ್ಲ ಬೇಕಾದ್ರೆ ತೂಕಡಿಸು."

ಕೇಳ್ತೀನಮ್ಮಾ ಎಂದು ಅವಳ ಕೈಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಮನಸ್ಸಿನಲ್ಲಿ ಇನ್ನೊಂದು ಧೈರ್ಯವೂ ಇತ್ತು. ಬೀಳುವುದು ಜಾಗಟೆಯ ಏಟು. ಅದಕ್ಕೆ ಸತ್ತವನೂ ಎದ್ದು ಕೂತಾನು, ಮಲಗಿದವನ ಪಾಡೇನು?

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಕಛೇರಿ. ಬೆಳಗ್ಗೆಯಿಂದ ಮೂರು ಸಲ ಶುಂಠಿ ಕಾಫಿ ಕುಡಿದೆ. ಜೇಬಿನಲ್ಲಿ ಏಲಕ್ಕಿ, ಲವಂಗ. ಪಾರ್ವತಿ ಸೀರೆಗೆ ಚುಚ್ಚಿಕೊಂಡಿದ್ದ ಪಿನ್ನೊಂದನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಯಾಕೆಂದು ನಾನು ಕೇಳಲಿಲ್ಲ. ವೇದಿಕೆಯ ತುಂಬ ಪಿಟೀಲುಗಳು. ಅವುಗಳ ಕಮಾನುಗಳೆಲ್ಲ ಒಟ್ಟಿಗೆ ಮೇಲೆ ಹೋಗಿ ಒಟ್ಟಿಗೆ ಕೆಳಗೆ ಬರುವಾಗ ನನಗೆ ಮಿಲ್ಲಿನ ನೆನಪಾಗಿ ಕಣ್ಣು ಭಾರವಾಯಿತು. ಲವಂಗ ಕಚ್ಚಿದೆ. ಎಲ್ಲಕ್ಕಿಂತ ಹಿಂದೆ, ಜಾಗಟೆಯ ಪಕ್ಕದಲ್ಲಿ, ಕಪ್ಪು ಸೀರೆಯುಟ್ಟು ಅಂಬಿಕಾ ನಿಂತಿದ್ದಳು. ಅವಳ ತುಟಿ ಮೆಲ್ಲಗೆ ಅಲುಗುತ್ತಿತ್ತು. ಲೆಕ್ಕ. ನಾನೂ ಅವಳ ಜೊತೆ ಎಣಿಸತೊಡಗಿದೆ, ಆದರೆ ಎಣಿಸುವುದು ನಿದ್ದೆಗೆ ಒಳ್ಳೆಯದೆಂದು ಎಲ್ಲೋ ಕೇಳಿದ್ದು ನೆನಪಾಗಿ ನಿಲ್ಲಿಸಿದೆ.

ಮೂರು ಭಾಗ ಮುಗಿಯುವವರೆಗೆ ನಾನು ಎಚ್ಚರವಾಗಿದ್ದೆ. ಇದನ್ನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ಮೂರನೆಯ ಭಾಗವಂತೂ ಕಬ್ಬಿಣ ಕಾಯಿಸಿ ಬಡಿಯುವ ಕಾರ್ಖಾನೆಯಂತೆ ಅಬ್ಬರಿಸಿ ಮುಗಿದಾಗ, ಕಛೇರಿಯೇ ಮುಗಿಯಿತೆಂದು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಪಾರ್ವತಿ ಕಾಲಿನಿಂದ ಚಪ್ಪಲಿ ಹುಡುಕತೊಡಗಿದಳು, ಪಿನ್ನನ್ನು ಮತ್ತೆ ಸೀರೆಗೆ ಚುಚ್ಚಿಕೊಂಡಳು. ಅನಾಹುತಕ್ಕೆ ಮೂಲ ಅದೇ. ಯಾಕೆಂದರೆ ಕೋಲು ಹಿಡಿದ ರಷ್ಯಾದ ನಿರ್ದೇಶಕರು ತಿರುಗಿಯೂ ನೋಡದೆ ನಾಲ್ಕನೆಯ ಭಾಗ ಶುರು ಮಾಡಿದರು.

ಅದು ಎಂಥ ಸಂಗೀತವೆಂದು ಹೇಳಲಿ? ಯಾರೋ ತುಂಬ ದಿನದ ದುಃಖವನ್ನು ಅವಸರವಿಲ್ಲದೆ ಹೇಳುತ್ತಿರುವ ಹಾಗಿತ್ತು. ಪಿಟೀಲುಗಳು ಒಂದು ಉಸಿರೆಳೆದು ಕೆಳಗಿಳಿಯುತ್ತಿದ್ದವು, ಮತ್ತೆ ಹತ್ತಿ ಮತ್ತೆ ಇಳಿಯುತ್ತಿದ್ದವು. ನನಗೆ ತಿಳಿಯದ ಯಾವುದೋ ಹಿಮದ ದೇಶದ ಆ ದುಃಖ ನಮ್ಮ ಪಡಸಾಲೆಗೆ ಹೇಗೆ ಬಂತೋ ಕಾಣೆ. ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳಲೆಂದು ಮುಚ್ಚಿದೆ.

ಪಡಸಾಲೆಯಲ್ಲಿ ಇಳಿಬಿಸಿಲು. ಗವಾಕ್ಷಿಯ ಬೆಳಕಿನ ಕೋಲಿನಲ್ಲಿ ಹತ್ತಿಯ ಧೂಳು ತೇಲುತ್ತಿದೆ. ಮೂರೂ ಮಗ್ಗ ನಡೆಯುತ್ತಿವೆ. ಅವ್ವ ನೇಯುತ್ತಿರುವುದು ಯಾವ ಸೀರೆಯೋ, ಬಣ್ಣವೇ ಗೊತ್ತಾಗುವುದಿಲ್ಲ, ಹಾಸಿನ ನೂಲುಗಳು ನೀರಿನ ಹಾಗೆ ಹೊಳೆಯುತ್ತಿವೆ. ನಾನು ಚಾಪೆಯ ಮೇಲೆ ಮಲಗಿದ್ದೇನೆ, ಎಚ್ಚರವಾಗಿಯೇ, ಆದರೆ ನಿದ್ದೆ ಬಂದವನಂತೆ. ಅವ್ವ ಕುಣಿಯಿಂದ ಎದ್ದು, ಕಂಡಿಕೆ ತುಂಬಿದ ಕಂಚಿನ ತಟ್ಟೆಯನ್ನು ನನ್ನ ತಲೆಯ ಹತ್ತಿರ ನೆಲಕ್ಕಿಟ್ಟಳು. ಮಲಗಿದ ಮಗು ಏಳದಂತೆ, ಎರಡೂ ಕೈಯಲ್ಲಿ, ಅಷ್ಟು ಮೆಲ್ಲಗೆ. ಆದರೂ ಕಂಚು ಕಂಚೇ ಅಲ್ಲವೇ? ಒಂದು ಸಣ್ಣ ನಾದ ನೆಲದಿಂದಲೇ ಎದ್ದು ಬಹಳ ಹೊತ್ತು ನಿಂತಿತು. ಅವ್ವ ಮತ್ತೆ ಕುಣಿಗಿಳಿದು ನೇಯತೊಡಗಿದಳು. ಆಮೇಲೆ ಚಿಕ್ಕಪ್ಪನ ಮಗ್ಗ ನಿಂತಿತು. ಅಪ್ಪನದು ನಿಧಾನವಾಗಿ, ಒಂದೊಂದೇ ಏಟು ಬಿಟ್ಟು ಬಿಟ್ಟು, ನಿಂತಿತು. ಕೊನೆಗೆ ಅವ್ವನದೂ.

ಏನೂ ಸದ್ದಿಲ್ಲ.

ನಾನು ಎದ್ದು ನಿಂತು, ಮಿಲ್ಲಿನ ದನಿಯಲ್ಲಿ ಕೇಳಿದೆ: "ಯಾರ ಮಗ್ಗ ನಿಂತದು?"

ಕೃತಿ ಮುಗಿದಿತ್ತು. ಆದರೆ ನಿರ್ದೇಶಕರು ಎತ್ತಿದ ಕೈ ಇಳಿಸಿರಲಿಲ್ಲ. ಆ ಕೈ ಇಳಿಯುವವರೆಗಿನ ನಿಶ್ಶಬ್ದವೂ ಸಂಗೀತದ್ದೇ ಭಾಗವಂತೆ, ಸಭೆಯೆಲ್ಲ ಉಸಿರು ಬಿಗಿಹಿಡಿದು ಕೂತಿತ್ತಂತೆ. ನನ್ನ ಪ್ರಶ್ನೆ ಗೋಡೆಗೆ ಬಡಿದು ಹಿಂದಕ್ಕೆ ಬಂದದ್ದನ್ನು ನಾನೇ ಕೇಳಿಸಿಕೊಂಡೆ. ಪಕ್ಕದ ಕುರ್ಚಿಯ ಹಿರಿಯರು ತೋಳು ಮುಟ್ಟಿ, "ಕನವಾ, ಅಣ್ಣೇ?" ಎಂದು ಬಹಳ ಕರುಣೆಯಿಂದ ತಮಿಳಿನಲ್ಲಿ ಕೇಳಿದರು. ಹೌದು, ಕನಸು. ಪಾರ್ವತಿ ಆಗ ಪಿನ್ನನ್ನು ಉಪಯೋಗಿಸಿದಳು. ತಡವಾಗಿತ್ತು. ನಾನು ವೇದಿಕೆಯ ಹಿಂದುಗಡೆ ನೋಡಿದೆ. ಜಾಗಟೆಯ ಪಕ್ಕದಲ್ಲಿ ಅಂಬಿಕಾ ತಲೆ ತಗ್ಗಿಸಿ ನಿಂತಿದ್ದಳು.

ಮನೆಗೆ ಬರುವಾಗ ಕಾರು ಅವಳೇ ಓಡಿಸಿದಳು. ಮೇಟ್ಟುಪಾಳ್ಯಂ ರಸ್ತೆಯ ಬೇಕರಿಯೊಂದರ ಮುಂದೆ ನಿಲ್ಲಿಸಿ, ಮೂರು ಟೀ, ತೆಂಗಿನಕಾಯಿ ಬನ್ನು ಹೇಳಿದಳು. ಇನ್ನೂ ಬಿಸಿಲಿತ್ತು. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಕೊಟ್ಟ ಮಾತು ಒಂದೇ ಏಟಿನದು, ಅಷ್ಟೂ ಉಳಿಸಿಕೊಳ್ಳಲಾಗದ ಅಪ್ಪ ಯಾವ ಮುಖದಲ್ಲಿ ಕ್ಷಮೆ ಕೇಳಬೇಕು? ಅವಳೇ ಬನ್ನು ಮುರಿಯುತ್ತ, ನನ್ನ ಕಡೆ ನೋಡದೆ, ಅಂಥದೇನು ಕನಸು ಬಿತ್ತು ಎಂದು ಕೇಳಿದಳು. ಹೇಳಿದೆ. ಬಿಸಿಲು, ಧೂಳು, ಮೂರು ಮಗ್ಗ. ಅವ್ವ ತಟ್ಟೆಯನ್ನು ನೆಲಕ್ಕಿಟ್ಟದ್ದು, ಎಷ್ಟು ಮೆಲ್ಲಗೆ ಇಟ್ಟಳೆಂಬುದು, ಆ ನಾದ ಎಷ್ಟು ಹೊತ್ತು ನಿಂತಿತೆಂಬುದು. ಅದಾದ ಮೇಲೆ ಒಂದೊಂದೇ ಮಗ್ಗ ನಿಂತದ್ದು.

ಅವಳು ಬನ್ನು ಕೆಳಗಿಟ್ಟಳು.

"ಅಪ್ಪಾ, ಅದು ನಾನು."

ನನಗೆ ಅರ್ಥವಾಗಲಿಲ್ಲ.

"ಆ ಜಾಗಟೆ ಏಟು ಜೋರಾಗಿ ಹೊಡಿಯೋದಲ್ಲ. ಮೂರು ವಾರ ನಿರ್ದೇಶಕರು ಹೇಳಿದ್ದೇ ಅದು. ಹೊಡೀಬೇಡ, ಮೆಲ್ಲಗೆ ಇಡು ಅಂತ."

ಹೇಳಿ ಅವಳು ಟೀ ಕುಡಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ನಾನು ಬನ್ನಿನ ಚೂರೊಂದನ್ನು ಬಾಯಿಗಿಟ್ಟುಕೊಂಡೆ. ಮಾತಾಡಿದ್ದರೆ ನನ್ನ ದನಿಗೆ ಬೇಕರಿಯವರೆಲ್ಲ ತಿರುಗಿ ನೋಡುತ್ತಿದ್ದರು. ಈಗ ಅವಳ ಕೋಣೆಯ ಬಾಗಿಲು ತೆರೆದಿರುತ್ತದೆ. ಕಡ್ಡಿಗಳು ಮತ್ತೆ ಊಟದ ಮೇಜಿಗೆ ಬಂದಿವೆ.

ಪಾರ್ವತಿ ಮಾತ್ರ ಇದನ್ನು ಒಪ್ಪಿಲ್ಲ. ನಿದ್ದೆಯಲ್ಲಿ ಕೇಳಿದ್ದು ಕೇಳಿದ ಲೆಕ್ಕಕ್ಕಿಲ್ಲ ಎನ್ನುತ್ತಾಳೆ. ಅವಳನ್ನು ಒಪ್ಪಿಸಲೆಂದು, ಇಲ್ಲಿಯವರೆಗೆ ಬರೆದದ್ದನ್ನೆಲ್ಲ, ಅವಳಿಗೆ ಓದಲು ಬಾರದಾದ್ದರಿಂದ, ನಾನೇ ಓದಿ ಹೇಳಿದೆ. ಅಜ್ಜಿಯ ಸೌಟಿನವರೆಗೆ ಹೂಂಗುಟ್ಟಿದಳು. ಮಿಲ್ಲಿನ ಹತ್ತಿರ ಹೂಂ ಸಣ್ಣದಾಯಿತು. ಅವಳ ಬೈಗುಳದ ವಿಷಯ ಬಂದಾಗಲೂ ಏನೂ ಅನ್ನದಿದ್ದುದನ್ನು ಕಂಡು, ಎಂಥ ಉದಾರ ಮನಸ್ಸು ಎಂದುಕೊಂಡೆ. ಕಂಚಿನ ತಟ್ಟೆಯ ಭಾಗವನ್ನಂತೂ ನನ್ನ ಕೈಲಾದಷ್ಟು ಮೆಲ್ಲಗೆ, ಮನಸ್ಸಿಟ್ಟು ಓದಿ, ಅವಳ ಮುಖ ನೋಡಲು ನಿಲ್ಲಿಸಿದೆ. ಅವಳು ಬೆಚ್ಚಿ ಕಣ್ಣು ಬಿಟ್ಟಳು.

"ಯಾಕುಂಗ, ನಿಲ್ಲಿಸ್ಬಿಟ್ರಿ?"