ಮುಕ್ಕಾಲು ಜಿಬಿ ಬಾಣೆ

ಕಂಪ್ಯೂಟರ್ ರಿಪೇರಿಗೆ ಕೂತವನು ಕಳ್ಳ ಅನ್ನಿಸಿಕೊಳ್ಳೋದಕ್ಕೆ ಕಳ್ಳತನ ಮಾಡಬೇಕಾಗಿಲ್ಲ, ಮೆಮೊರಿ ಹಾಕಿಕೊಟ್ಟರೆ ಸಾಕು. ಸುಂಟಿಕೊಪ್ಪದಲ್ಲಿ ಅಂಗಡಿ ತೆರೆದ ಹೊಸದರಲ್ಲಿ ವಾರಕ್ಕೊಬ್ಬರಾದರೂ ಬಂದು ಕೇಳುತ್ತಿದ್ದರು: "ನಾಲ್ಕು ಜಿಬಿ ಅಂತ ಹಾಕಿದ್ರಿ, ಮೂರೂಕಾಲೇ ತೋರಿಸ್ತದೆ. ಮಿಕ್ಕಿದ್ದು ಎಲ್ಲಿ?"

ಉತ್ತರ ನನ್ನ ಹತ್ತಿರ ಇತ್ತು. ಆಗಿನ ಮೂವತ್ತೆರಡು ಬಿಟ್ಟಿನ ಆಪರೇಟಿಂಗ್ ಸಿಸ್ಟಂಗೆ ನಾಲ್ಕರ ಆಚೆ ಎಣಿಸಲು ಬರುತ್ತಿರಲಿಲ್ಲ. ಆ ನಾಲ್ಕರಲ್ಲೇ ಪರದೆಗೆ, ಇನ್ನೊಂದಕ್ಕೆ ಅಂತ ಒಂದಿಷ್ಟು ಜಾಗ ತೆಗೆದಿಡುತ್ತಿತ್ತು. ಉತ್ತರ ಸರಿಯಾಗಿಯೇ ಇತ್ತು, ಅದನ್ನು ಕೇಳಿ ಸಮಾಧಾನಪಟ್ಟವರು ಮಾತ್ರ ನನಗೆ ಸಿಗಲಿಲ್ಲ. ಸಣ್ಣ ಊರು, ಹೊಸ ಅಂಗಡಿ. ಹೆಸರು ಒಮ್ಮೆ ಕೆಟ್ಟರೆ ಬಾಗಿಲು ಹಾಕಿಕೊಂಡು ಹೋಗಬೇಕಾದೀತು ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ರಬ್ಬರ್

ಮೊದಲು ಬಂದವನು ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಆಫೀಸಿನ ಕಂಪ್ಯೂಟರನ್ನು ಜೀಪಿನಲ್ಲಿ ಹೊತ್ತು ತಂದಿದ್ದ. ನಾನು ಡಬ್ಬ ಬಿಚ್ಚಿ ಮೆಮೊರಿಯ ಎರಡು ಪಟ್ಟಿಗಳನ್ನೂ ಹೊರತೆಗೆದೆ. ಅವುಗಳ ತುದಿಗೆ ಕೊಳೆ ಹಿಡಿದಿತ್ತು. ನಮ್ಮ ಕಸುಬಿನವರೆಲ್ಲ ಮಾಡುವಂತೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ತುದಿಗಳನ್ನು ಚೆನ್ನಾಗಿ ತಿಕ್ಕಿ ಮತ್ತೆ ಕೂರಿಸಿದೆ. ಆಗಲೂ ಮೂರೂಕಾಲೇ.

ಅವನು ಕಣ್ಣರಳಿಸಿ ನೋಡುತ್ತಲೇ ಇದ್ದ. "ಅಲ್ಲ ಮಾರಾಯ್ರೇ, ನನ್ನೆದುರಿಗೇ ರಬ್ಬರ್ ಹಾಕಿ ತಿಕ್ಕಿದ್ರಲ್ಲ! ಇದ್ದದ್ದು ಅಳಿಸಿ ಹೋಗದೆ ಇರ್ತದಾ?"

ತಿಕ್ಕಿದ್ದು ಕೊಳೆಯನ್ನು ಎಂದು ಎಷ್ಟು ಹೇಳಿದರೂ ತಲೆಯಾಡಿಸುತ್ತಲೇ ಹೋದ. ಸಂಜೆಯೊಳಗೆ ಬಸ್‌ಸ್ಟ್ಯಾಂಡಿನ ಹೋಟೆಲಿನವರೆಗೂ ಸುದ್ದಿ ಮುಟ್ಟಿತ್ತು. ಮಾರನೆಯ ದಿನ ಅವನು ಮತ್ತೆ ಬಂದ. ಕೈಯಲ್ಲಿ ಚೂಪು ಮಾಡಿದ ಒಂದು ಪೆನ್ಸಿಲ್.

"ಅಳಿಸಿದ್ದು ಅಳಿಸಿಬಿಟ್ರಿ. ಎಷ್ಟು ಹೋಗಿದೆಯೋ ಅಷ್ಟನ್ನ ಇದರಲ್ಲಿ ತುಂಬಿಸಿಕೊಡಿ."

ಒಲೆಯ ಮೇಲೆ

ಕಕ್ಕಬೆಯಲ್ಲಿ ಹೋಂಸ್ಟೇ ನಡೆಸುವ ಅಕ್ಕ ಒಬ್ಬರು ಜುಲೈ ತಿಂಗಳಲ್ಲಿ ಫೋನ್ ಮಾಡಿದರು. ಅವರದೂ ಮೂರೂಕಾಲೇ. ನಾನು ಬಾಯಿತಪ್ಪಿ, "ಮಳೆಗಾಲ ಅಕ್ಕ, ತೇವದಿಂದಲೂ ಕೆಲವು ಸಲ ಹೀಗಾಗ್ತದೆ. ಆದಷ್ಟು ಒಣಗಿರೋ ಕಡೆ ಇಡಿ," ಅಂದೆ. ನಾನು ಹೇಳಿದ್ದು ಕಂಪ್ಯೂಟರಿನ ಮಾತು.

ಮಳೆ ಸ್ವಲ್ಪ ಬಿಟ್ಟ ಮೇಲೆ ಹೋಗಿ ನೋಡಿದರೆ ಡಬ್ಬ ಖಾಲಿ. "ಮೆಮೊರಿ ಎಲ್ಲಿ ಅಕ್ಕ?" ಎಂದೆ.

"ಮೂರು ದಿನದಿಂದ ಒಣಗ್ತಾ ಉಂಟು," ಎಂದು ಅಡುಗೆಮನೆಗೆ ಕರೆದುಕೊಂಡು ಹೋದರು. ಒಲೆಯ ಮೇಲಿನ ಅಟ್ಟದಲ್ಲಿ, ಏಲಕ್ಕಿ ಹರಡಿದ ತಟ್ಟೆಯ ನಡುವೆ, ಎರಡೂ ಪಟ್ಟಿಗಳು ಮಸಿ ಹಿಡಿದು ಮಲಗಿದ್ದವು. ಬಟ್ಟೆಯಲ್ಲಿ ಒರೆಸಿ ಕೂರಿಸಿದೆ. ದೇವರ ದಯೆ, ಕಂಪ್ಯೂಟರ್ ಎದ್ದಿತು. ಮೂರೂಕಾಲು!

ಅಕ್ಕನಿಗೆ ನನ್ನ ಮೇಲೆ ಕೋಪ ಬರಲಿಲ್ಲ, ಕನಿಕರ ಬಂತು. "ಪಾಪ, ಮೋಸ ಆದದ್ದು ನಿಮಗೆ. ನಿಮಗೆ ಮಾರಿದ ಅಂಗಡಿಯವರು ಹಸಿ ಇರುವಾಗಲೇ ತೂಗಿ ನಾಲ್ಕು ಅಂತ ಕೊಟ್ಟಿದ್ದಾರೆ."

ಪಾಲು

ಮಡಿಕೇರಿಯ ಆಚೆ ಒಂದು ತೋಟದ ಅಣ್ಣ-ತಮ್ಮಂದಿರ ಕಥೆ ಇವೆರಡನ್ನೂ ಮೀರಿಸಿತು. ಅವರ ಜಾಗ ಪಾಲಾಗಿತ್ತು, ಕಂಪ್ಯೂಟರ್ ಮಾತ್ರ ಜಂಟಿ. ಅಣ್ಣ ಎರಡು ಜಿಬಿಯ ಪಟ್ಟಿ ತಂದಿದ್ದ, ತಮ್ಮ ಎರಡು ಜಿಬಿಯದು. ನಾನು ಎರಡನ್ನೂ ಹಾಕಿಕೊಟ್ಟೆ. ಬಂದದ್ದು ಮೂರೂಕಾಲು. ಹಾಗಾದರೆ ಕಡಿಮೆ ಬಿದ್ದದ್ದು ಯಾರ ಪಾಲಿನದು?

ಅಣ್ಣ ತಮ್ಮನ ಪಟ್ಟಿ ಕಿತ್ತು ನೋಡಿದ. "ನನ್ನದು ಒಂದೇ ಇದ್ದರೆ ಪೂರ್ತಿ ಎರಡು! ಇವನದು ಸೇರಿದ ಕೂಡಲೇ ಕಡಿಮೆ!" ತಮ್ಮನೂ ಅಣ್ಣನದನ್ನು ಕಿತ್ತು ನೋಡಿ ಅದನ್ನೇ ಹೇಳಿದ. ಇಬ್ಬರೂ ನಿಜವನ್ನೇ ಹೇಳುತ್ತಿದ್ದುದರಿಂದ ಜಗಳ ಮುಗಿಯುವಂತಿರಲಿಲ್ಲ. ಕೊನೆಗೆ ಇಬ್ಬರೂ ಒಂದು ವಿಷಯದಲ್ಲಿ ಒಂದಾದರು: ಕದ್ದವನು ನಾನು.

ಪಂಚಾಯ್ತಿಗೆ ಕೂತವರು ಅವರ ದೊಡ್ಡಪ್ಪ. ನಮ್ಮ ಜಿಲ್ಲೆ ಮೈಸೂರು ರಾಜ್ಯದೊಳಗೆ ಬಂದ ಹೊಸದರಲ್ಲಿ ಕಂದಾಯ ಇಲಾಖೆಗೆ ಸೇರಿ, ಊರೂರಿನ ಜಾಗ ಅಳೆದವರು. ಈಗಲೂ ಬೆಂಗಳೂರಿನ ಸರ್ಕಾರವನ್ನು 'ಮೈಸೂರು ಸರ್ಕಾರ' ಎಂದೇ ಕರೆಯುತ್ತಿದ್ದರು. ನನ್ನ ವಿವರಣೆಯನ್ನೆಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು.

"ಗದ್ದೆಗೆ ಅಂಟಿಕೊಂಡ ಗುಡ್ಡ ಇರೋದಿಲ್ವಾ, ಸೌದೆಗೆ ಸೊಪ್ಪಿಗೆ ಬಿಟ್ಟದ್ದು? ಬಾಣೆ. ಮೂರೂಕಾಲು ಗದ್ದೆ, ಮುಕ್ಕಾಲು ಬಾಣೆ. ಜಾಗ ಉಟ್ಟು, ಪುಸ್ತಕಲಿ ಇಲ್ಲೆ," ಎಂದು ಮನೆಮಾತಿನಲ್ಲಿ ಹೇಳಿದರು; ಅಂದರೆ ಜಾಗ ಇದೆ, ಲೆಕ್ಕದ ಪುಸ್ತಕದಲ್ಲಿ ಇಲ್ಲ. "ಇವನು ಕಳ್ಳ ಅಲ್ಲ."

ಅಣ್ಣ-ತಮ್ಮ ಒಪ್ಪಿಕೊಂಡರು. ಹತ್ತು ಸಲ ವಿವರಿಸಿ ನನ್ನಿಂದಾಗದ್ದನ್ನು ದೊಡ್ಡಪ್ಪ ಎರಡೇ ಮಾತಿನಲ್ಲಿ ಮುಗಿಸಿದ್ದರು. ಅವರ ಕಾಲಿಗೆ ಬೀಳೋಣ ಅನ್ನಿಸಿತು.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಮುಂದೆ ಅರವತ್ನಾಲ್ಕು ಬಿಟ್ಟಿನ ಸಿಸ್ಟಂ ನನ್ನ ಕೈಗೆ ಬಂತು. ಅದಕ್ಕೆ ಪೂರ್ತಿ ನಾಲ್ಕೂ ಕಾಣುತ್ತದೆ. ಇನ್ನು ಸಂಶಯದ ಸೊಲ್ಲೇ ಇರಬಾರದು ಎಂದು ಹುರುಪಿನಲ್ಲಿ ನಾನಾಗಿ ಹೋಗಿ ಅಣ್ಣ-ತಮ್ಮಂದಿರ ಕಂಪ್ಯೂಟರಿಗೆ ಅದನ್ನು ಹಾಕಿದೆ. ಪರದೆಯ ಮೇಲೆ ನಾಲ್ಕು ಬಂತು. ಶಾಭಾಸ್ ಅಂದಾರು ಎಂದು ತಿರುಗಿ ನೋಡಿದೆ.

ಅಣ್ಣ ಕೇಳಿದ, "ಈ ಮುಕ್ಕಾಲು ಯಾರಿಗೆ?"

ತಮ್ಮ ಹೇಳಿದ, "ಪಾಲು ಆಗುವಾಗ ಇದು ಇರಲೇ ಇಲ್ಲ!"

ದೊಡ್ಡಪ್ಪ ಎದ್ದು ನಿಂತರು. "ಬಾಣೆ ಕಡಿದು ಗದ್ದೆ ಮಾಡು ಅಂತ ನಿನಗೆ ಹೇಳಿದ್ದು ಯಾರು? ಇದು ಒತ್ತುವರಿ! ಇದ್ದ ಹಾಗೇ ಮಾಡಿಕೊಟ್ಟು ಹೋಗು."

ನಾನು ಸೆಟ್ಟಿಂಗಿನೊಳಗೆ ಹೋಗಿ, ಮೆಮೊರಿ ಮೂರೂಕಾಲು ದಾಟದಂತೆ ಮಿತಿ ಹಾಕಿ, ಕಂಪ್ಯೂಟರನ್ನು ಮತ್ತೆ ಶುರು ಮಾಡಿದೆ. ಮೂವರೂ ಬಗ್ಗಿ ನೋಡಿದರು. ಮೂರೂಕಾಲು. ಒಳಗಿಂದ ಕಾಫಿ ಬಂತು, ಜೊತೆಗೆ ಅಕ್ಕಿ ರೊಟ್ಟಿಯೂ ಬಂತು.

ದೊಡ್ಡಪ್ಪ ನನ್ನ ಬೆನ್ನು ತಟ್ಟಿ ಊರಿಗೆಲ್ಲ ಸಾರಿದರು: "ಇವನಷ್ಟು ಪ್ರಾಮಾಣಿಕ ರಿಪೇರಿಯವನನ್ನು ನಾನು ನೋಡಿಲ್ಲ."

ಅಷ್ಟು ವರ್ಷಗಳಲ್ಲಿ ನಾನು ನಿಜವಾಗಿಯೂ ಒಬ್ಬರ ಮೆಮೊರಿ ತೆಗೆದದ್ದು ಅದೊಂದೇ ಸಲ.